ಚಳಿಯ ಬೆಳಗಿನಲ್ಲಿ ಗೇರು ಪೆಟ್ಟಿಗೆಯ ‘ಢಕ್’ ಸಪ್ಪಳ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಾಡಿಗೆ ಕಾರು ನಡೆಸುವವರೂ, ಮಾಲೀಕರ ಮನೆಯ ಚಾಲಕರೂ, ಕಂತಿನ ಮೇಲೆ ಹಳೆಯ ಕಾರೊಂದನ್ನು ಕೊಂಡ ಗುಮಾಸ್ತರೂ ಇದ್ದಾರೆ. ಮುಂಬಯಿ, ಮದರಾಸುಗಳಲ್ಲಿರುವವರಿಗೆ ಚಳಿಯ ತೊಂದರೆ ಅಷ್ಟಾಗಿ ತಿಳಿಯದು. ಆದರೆ ದೆಹಲಿಯಲ್ಲಿ ಜನವರಿ ತಿಂಗಳ ಬೆಳಗಿನ ಉಷ್ಣತೆ ಎಷ್ಟೋ ದಿನ 5 ಡಿಗ್ರಿಯ ಸುತ್ತಮುತ್ತ ಇಳಿಯುವುದುಂಟು. ಆಗ ಕಾರನ್ನು ಚಾಲೂ ಮಾಡಿ ಗೇರು ಹಾಕಿದೊಡನೆ ಕೆಳಗಿನಿಂದ ‘ಢಕ್’ ಎಂದು ಸಪ್ಪಳ ಕೇಳಿಬರುತ್ತದೆ. ಕೂಡಲೇ ಯಾರಾದರೊಬ್ಬರು, “ಗೇರು ಪೆಟ್ಟಿಗೆ ಹೋಯಿತು, ಇಳಿಸಬೇಕು” ಎಂದುಬಿಡುತ್ತಾರೆ. ಪೆಟ್ಟಿಗೆ ಇಳಿಸುವ ಖರ್ಚು ಹಲವರಿಗೆ ತಿಂಗಳುಗಳ ಸಂಬಳ. ಬೇರೆಯವರ ಕಾರನ್ನು ನಡೆಸುವವನಿಗಂತೂ, ಖರ್ಚಿನ ಜೊತೆಗೆ ‘ನೀನೇ ಕೆಡಿಸಿದೆ’ ಎಂಬ ಅಪವಾದವೂ ತಪ್ಪದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮೊದಲು ಸಪ್ಪಳದ ಮೂಲವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಈ ಪಾಠದಲ್ಲಿ ಅರಿತುಕೊಳ್ಳೋಣ.

ಮೊದಲು ಚಳಿಗೂ ಸಪ್ಪಳಕ್ಕೂ ಇರುವ ಸಂಬಂಧ. ತಣ್ಣಗಿರುವ ಎಂಜಿನು ನಿಂತುಹೋಗದಿರಲೆಂದು ಅದರ ನಿಯಂತ್ರಕವು ಬರಿದೋಟದ ವೇಗವನ್ನು ಹೆಚ್ಚಿಸಿರುತ್ತದೆ. ಬಿಸಿಯಾದಾಗ ನಿಮಿಷಕ್ಕೆ 700–800 ಸುತ್ತು ತಿರುಗುವ ಎಂಜಿನು ಚಳಿಯಲ್ಲಿ ಮೊದಲ ಒಂದೆರಡು ನಿಮಿಷ 1200–1500 ಸುತ್ತು ತಿರುಗಬಹುದು. ಸ್ವಯಂಚಾಲಿತ ಗೇರಿನ ಕಾರಿನಲ್ಲಿ ಆ ಹೊತ್ತಿಗೇ ‘ಡಿ’ ಅಥವಾ ‘ಆರ್’ ಸ್ಥಾನಕ್ಕೆ ಸನ್ನೆಯನ್ನು ಎಳೆದರೆ, ವೇಗವಾಗಿ ತಿರುಗುತ್ತಿದ್ದ ಭಾಗಗಳು ಒಮ್ಮೆಲೇ ತಡೆದು ನಿಲ್ಲುತ್ತವೆ, ಪೆಟ್ಟು ಬೀಳುತ್ತದೆ. ಇದರೊಡನೆ ಎಣ್ಣೆ ಗಟ್ಟಿಯಾಗಿರುತ್ತದೆ, ರಬ್ಬರು ಬಿರುಸಾಗಿರುತ್ತದೆ. ಆದುದರಿಂದ ಅಲ್ಪಸ್ವಲ್ಪ ಸಪ್ಪಳವು ರೋಗವಲ್ಲ, ಚಳಿಯ ಸ್ವಭಾವವೇ ಸರಿ.

ಒಂದನೆಯ ಪರೀಕ್ಷೆ: ಕಾಯುವುದು. ಎಂಜಿನು ಚಾಲೂ ಮಾಡಿ, ಮುಳ್ಳು 1000ಕ್ಕಿಂತ ಕೆಳಗಿಳಿಯುವವರೆಗೆ ಕಾದು, ಕಾಲಿನ ಬ್ರೇಕನ್ನು ಒತ್ತಿ ಹಿಡಿದು ಗೇರು ಹಾಕಿರಿ. ಸಪ್ಪಳ ಹೋದರೆ ಒಂದು ಕಾಸಿನ ಖರ್ಚೂ ಇಲ್ಲ. ಆದರೆ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂದಿಗೂ ಎಂಜಿನು ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯುತ್ತದೆ.

ಎರಡನೆಯದು: ಕಾರು ನಿಲ್ಲಿಸುವ ಕ್ರಮ. ಇಳಿಜಾರಿನಲ್ಲಿ ನಿಲ್ಲಿಸಿ ಬರಿಯ ‘ಪಿ’ ಸ್ಥಾನಕ್ಕೆ ಹಾಕಿದರೆ, ಕಾರಿನ ಭಾರವೆಲ್ಲ ಪೆಟ್ಟಿಗೆಯೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ಬೆಳಿಗ್ಗೆ ಅದನ್ನು ಬಿಡಿಸಿದಾಗ ‘ಢಕ್’ ಎನ್ನುತ್ತದೆ. ರಾತ್ರಿ ಮೊದಲು ಕಾಲಿನ ಬ್ರೇಕು, ಬಳಿಕ ಕೈಬ್ರೇಕು, ಆಮೇಲೆ ಕಾಲನ್ನು ಸಡಿಲಿಸಿ ಭಾರವು ಕೈಬ್ರೇಕಿನ ಮೇಲೆ ಕೂತ ನಂತರ ‘ಪಿ’—ಹೀಗೆ ಮಾಡಿದರೆ ಆ ಸಪ್ಪಳ ನಿಲ್ಲುತ್ತದೆ.

ಮೂರನೆಯದು: ಎಣ್ಣೆ. ಗೇರು ಹಾಕಿದ ಮೇಲೆ ಎರಡು ಮೂರು ಸೆಕೆಂಡು ಏನೂ ಆಗದೆ, ಅನಂತರ ಪೆಟ್ಟು ಬಿದ್ದು ಕಾರು ಎಳೆದುಕೊಂಡರೆ, ಎಣ್ಣೆ ಕಡಿಮೆಯಾಗಿದೆ ಅಥವಾ ಒಳಗಿನ ರಬ್ಬರು ಮುದ್ರೆಗಳು ಹಳತಾಗಿ ಬಿರುಸಾಗಿವೆ ಎಂದು ಸಂಶಯಪಡಬೇಕು. ಅಳತೆಕಡ್ಡಿಯಿರುವ ಬಹಳಷ್ಟು ಕಾರುಗಳಲ್ಲಿ ಎಣ್ಣೆಯನ್ನು ಸಮನೆಲದ ಮೇಲೆ, ಬಿಸಿಯಾದ ಎಂಜಿನು ಓಡುತ್ತಿರುವಾಗ ನೋಡುತ್ತಾರೆ. ಕೆಲವು ಕಾರುಗಳಲ್ಲಿ ಎಂಜಿನು ನಿಲ್ಲಿಸಿ ನೋಡಬೇಕು. ಇಂದಿನ ಹಲವು ಕಾರುಗಳಿಗೆ ಕಡ್ಡಿಯೇ ಇಲ್ಲ. ಆದುದರಿಂದ ಕಾರಿನೊಡನೆ ಬಂದ ಕೈಪಿಡಿಯನ್ನು ಓದತಕ್ಕದ್ದು. ಎಣ್ಣೆ ಕಂದಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಸವೆಯುತ್ತಿವೆ. ಹಾಲು ಬೆರೆಸಿದಂತೆ ಗುಲಾಬಿಯಾದರೆ ನೀರು ಸೇರಿದೆ, ಕಾರನ್ನು ಓಡಿಸಬಾರದು. ಕೈಪಿಡಿಯಲ್ಲಿ ಹೇಳಿದ ಜಾತಿಯ ಎಣ್ಣೆಯ ಹೊರತು ಬೇರೆಯದನ್ನು ಹಾಕಬಾರದು. ಹೆಚ್ಚು ತುಂಬಿದರೂ ನೊರೆಯೆದ್ದು ಕೆಡುತ್ತದೆ.

ನಾಲ್ಕನೆಯದು: ಎಂಜಿನನ್ನು ಹೊತ್ತ ರಬ್ಬರು ಆಸರೆಗಳು. ಪೆಟ್ಟಿಗೆಯ ತಪ್ಪೆಂದು ತಿಳಿದ ಸಪ್ಪಳ ಅನೇಕ ವೇಳೆ ಇವುಗಳದೇ ಆಗಿರುತ್ತದೆ. ಪರೀಕ್ಷೆಗೆ ಇಬ್ಬರು ಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು, ಕೈಬ್ರೇಕು ಎಳೆದು, ಒಬ್ಬನು ಕಾಲಿನ ಬ್ರೇಕನ್ನು ಬಲವಾಗಿ ಒತ್ತಿ ‘ಡಿ’, ಬಳಿಕ ‘ಆರ್’ ಹಾಕಲಿ. ಇನ್ನೊಬ್ಬನು ಮುಚ್ಚಳ ತೆರೆದು ಪಕ್ಕದಲ್ಲಿ ನಿಂತು ನೋಡಲಿ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಕೂಡದು. ಮಫ್ಲರು, ಪಂಚೆಯ ಅಂಚು ಫ್ಯಾನಿನ ಬಳಿ ಸುಳಿಯಕೂಡದು. ಎಂಜಿನು ತುಸು ಅಲುಗುವುದು ಸಹಜ. ಎದ್ದು ಬಿದ್ದು ಪೆಟ್ಟು ಹಾಕಿದರೆ ಆಸರೆ ಹರಿದಿದೆ. ಅದನ್ನು ಬದಲಾಯಿಸುವ ಖರ್ಚು ಪೆಟ್ಟಿಗೆಯ ಖರ್ಚಿನ ಒಂದು ಸಣ್ಣ ಪಾಲು ಮಾತ್ರ.

ಐದನೆಯದು: ಹಿಂಚಕ್ರಗಳಿಗೆ ಉದ್ದನೆಯ ದಂಡದಿಂದ ಶಕ್ತಿ ಹೋಗುವ ಜೀಪು, ವ್ಯಾನು, ಅಂಬಾಸಿಡರುಗಳಲ್ಲಿ ದಂಡದ ತುದಿಯ ಕೀಲುಗಳು. ಮುಂದಕ್ಕೂ ಹಿಂದಕ್ಕೂ ಗೇರು ಬದಲಿಸುವಾಗ ‘ಟಣ್’ ಎಂದರೆ ಇವುಗಳನ್ನು ನೋಡಬೇಕು. ಸಮನೆಲದಲ್ಲಿ ಎಂಜಿನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ಬಿಡಿಸಿ, ದಂಡವನ್ನು ಕೈಯಿಂದ ಅತ್ತಿತ್ತ ತಿರುಗಿಸಿರಿ. ಕೀಲಿನಲ್ಲಿ ಸಡಿಲವಿದ್ದರೆ ಅಥವಾ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಕೀಲು ಒಣಗಿ ಸವೆದಿದೆ. ಬರಿಯ ಜಾಕಿಯ ಮೇಲೆ ಎತ್ತಿದ ಕಾರಿನ ಕೆಳಗೆ ತಲೆಯಿಡಬೇಡಿ.

ಕೈಯಿಂದ ಗೇರು ಹಾಕುವ ಕಾರಿನ ಮಾತು ಸ್ವಲ್ಪ ಬೇರೆ. ಗಟ್ಟಿಯಾದ ಎಣ್ಣೆಯಿಂದ ಮೊದಲ ಒಂದೆರಡು ಮೈಲಿ ಎರಡನೆಯ ಗೇರು ಬಿರುಸಾಗಿರುವುದು ಸಾಮಾನ್ಯ. ಬಲವಂತ ಮಾಡದೆ ಮೆಲ್ಲಗೆ ಹಾಕಬೇಕು. ಹಿಂಗೇರು ಕರಕರ ಎಂದರೆ, ಕ್ಲಚ್ಚನ್ನು ಪೂರ್ತಿ ಒತ್ತಿ ಮೂರು ನಾಲ್ಕು ಸೆಕೆಂಡು ತಡೆದು, ಮೊದಲನೆಯ ಗೇರಿಗೆ ಒಮ್ಮೆ ಹಾಕಿ ತೆಗೆದು, ಬಳಿಕ ಹಿಂಗೇರು ಹಾಕಿರಿ. ಬಿಸಿಯಾದ ಮೇಲೂ ಹಾಗೇ ಇದ್ದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಪೆಟ್ಟಿಗೆಗಿಂತ ಮೊದಲು ಕ್ಲಚ್ಚಿನ ತಂತಿ ಅಥವಾ ಅದರ ಎಣ್ಣೆಯನ್ನು ನೋಡಿಸಬೇಕು. 2014ರಿಂದ ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಂದಿರುವ ‘ಎ.ಎಂ.ಟಿ.’ ಎಂಬುದರೊಳಗೂ ಇರುವುದು ಇಂಥ ಸಾಧಾರಣ ಪೆಟ್ಟಿಗೆಯೇ. ಕ್ಲಚ್ಚು ಒತ್ತುವ, ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ.

ಕಾರು ಬಿಸಿಯಾದ ಮೇಲೂ ಪೆಟ್ಟು ಬಿದ್ದರೆ, ಎಂಜಿನು ಕೂಗಿದರೂ ಕಾರು ಎಳೆಯದಿದ್ದರೆ, ಎಚ್ಚರಿಕೆಯ ದೀಪ ಹೊತ್ತಿದರೆ, ತಡಮಾಡದೆ ಬಲ್ಲವರಿಗೆ ತೋರಿಸಬೇಕು. ಆಗ ‘ಚಳಿಗೆ ಹೀಗೆಯೇ’ ಎಂದು ಸುಮ್ಮನಿದ್ದರೆ ಸಣ್ಣ ಖರ್ಚು ದೊಡ್ಡದಾದೀತು.

ಕೊನೆಯದಾಗಿ, ಕಚೇರಿಯಲ್ಲಿ ಖಾತೆ ಬರೆಯುವ ನಮ್ಮವರಿಗೆ ಸುಲಭವಾದ ಒಂದು ಕೆಲಸವಿದೆ. ಒಂದು ವಾರ ಪುಟ್ಟ ಪುಸ್ತಕದಲ್ಲಿ ಬರೆದಿಡಿ: ತಾರೀಖು, ಹೊತ್ತು, ಯಾವ ಗೇರಿನಲ್ಲಿ ಸಪ್ಪಳ, ಎಷ್ಟು ಸೆಕೆಂಡು ತಡ, ಬಿಸಿಯಾದ ಮೇಲೆ ನಿಂತಿತೇ ಇಲ್ಲವೇ. ಅದನ್ನು ಮೆಕಾನಿಕರ ಮುಂದಿಟ್ಟು, ಯಾವ ಪರೀಕ್ಷೆಯಿಂದ ಏನು ಕಂಡಿತೆಂದು ಬರೆದುಕೊಡಲು ಕೇಳಿರಿ. ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆಯಿರಿ. ಕೇಳುವುದರಲ್ಲಿ ಅವಮಾನವಿಲ್ಲ, ಒಳ್ಳೆಯ ಮೆಕಾನಿಕರು ಇದರಿಂದ ಸಂತೋಷವನ್ನೇ ಪಡುತ್ತಾರೆ. ಮಾಲೀಕರ ಕಾರು ನಡೆಸುವ ಸೋದರನಿಗಂತೂ ಈ ನಾಲ್ಕು ಸಾಲಿನ ಬರಹವೇ ಸಾಕ್ಷಿ. ಸಪ್ಪಳ ಎಂದು ಶುರುವಾಯಿತು, ಅದನ್ನು ಎಂದು ತಿಳಿಸಿದೆ ಎಂಬುದು ಕಾಗದದ ಮೇಲಿದ್ದರೆ, ತಾನು ಮಾಡದ ತಪ್ಪಿಗೆ ತಲೆ ತಗ್ಗಿಸಬೇಕಾಗಿಲ್ಲ.