ಅಜ್ಜನ ಉಯಿಲು, ಹೊಲದ ಪಹಣಿ

ಹೊಲ-ಮನೆಯ ಹಳೆಯ ಕಾಗದಪತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಈ ಸಲದ ಪತ್ರಗಳೆಲ್ಲ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬಂದವು.

ಪ್ರಶ್ನೆ: ನಮ್ಮ ಕುಟುಂಬ ಪೂರ್ವ ಪಾಕಿಸ್ತಾನದಿಂದ ಬಂದದ್ದು. ಪುನರ್ವಸತಿಯಲ್ಲಿ ಅಜ್ಜನ ಹೆಸರಿಗೆ ಸರ್ಕಾರ ಹೊಲ ಕೊಟ್ಟಿತು. ಅಜ್ಜ ಬಿಳಿ ಹಾಳೆಯ ಮೇಲೆ ಬಂಗಾಳಿಯಲ್ಲಿ ಉಯಿಲು ಬರೆದು ಇಡೀ ಹೊಲವನ್ನು ನಮ್ಮ ತಂದೆಗೆ ಬಿಟ್ಟಿದ್ದಾರೆ. ನೋಂದಣಿ ಆಗಿಲ್ಲ. ಕಾಕಾ ಅವರು, “ಅಪ್ಪನ ಹೊಲದಾಗ ಹುಟ್ಟಿದಾಗಿಂದ ನನಗೂ ಪಾಲೈತಿ, ಈ ಕಾಗದ ನಡೆಯಂಗಿಲ್ಲ” ಅನ್ನುತ್ತಾರೆ. ಯಾರದು ಸರಿ?
*ಓದುಗರು, ಆರ್.ಎಚ್. ಕ್ಯಾಂಪ್*

ಉತ್ತರ: ಬಿಳಿ ಹಾಳೆ, ಬಂಗಾಳಿ ಬರಹ, ನೋಂದಣಿ ಇಲ್ಲದಿರುವುದು, ಈ ಮೂರರಿಂದಲೂ ಉಯಿಲು ಕೆಡುವುದಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಭಾಷೆ ಯಾವುದಾದರೂ ಆದೀತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿಗಳು ಅಜ್ಜ ಸಹಿ ಮಾಡುವುದನ್ನು ಕಂಡಿರಬೇಕು, ಇಲ್ಲವೇ “ಇದು ನನ್ನ ಸಹಿ” ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅಜ್ಜನ ಎದುರಿಗೇ ತಾವೂ ಸಹಿ ಹಾಕಿರಬೇಕು. ವ್ಯಾಜ್ಯ ಕೋರ್ಟಿಗೆ ಹೋದರೆ ಇಬ್ಬರಲ್ಲಿ ಒಬ್ಬರಾದರೂ ಬಂದು ಸಾಕ್ಷಿ ನುಡಿಯಬೇಕಾಗುತ್ತದೆ. ಇಬ್ಬರೂ ತೀರಿಕೊಂಡಿದ್ದರೆ ಅವರಲ್ಲೊಬ್ಬರ ಕೈಬರಹವನ್ನೂ ಅಜ್ಜನ ಸಹಿಯನ್ನೂ ಗುರುತಿಸಬಲ್ಲವರು ಬೇಕು. ಸಾಕ್ಷಿಗಳು ಇನ್ನೂ ಇದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ.

ಇನ್ನು ಹುಟ್ಟಿನ ಪಾಲು. ಸುತ್ತಲಿನ ಕನ್ನಡ ಕುಟುಂಬಗಳು ನಡೆಯುವುದು ಮಿತಾಕ್ಷರ ಪದ್ಧತಿಯಲ್ಲಿ. ಅಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ. ಬಂಗಾಳದ ಹಿಂದೂ ಕುಟುಂಬಗಳದ್ದು ಜೀಮೂತವಾಹನನ ದಾಯಭಾಗ. ಅದರಲ್ಲಿ ತಂದೆ ಬದುಕಿರುವ ತನಕ ಮಕ್ಕಳಿಗೆ ಪಾಲಿಲ್ಲ. ಒಂದು ಕುಟುಂಬ ನಾಡು ಬಿಟ್ಟು ಬಂದರೂ ಅದರ ಮೂಲ ಪದ್ಧತಿ ಜೊತೆಗೇ ಬರುತ್ತದೆ; ಬಿಟ್ಟುಕೊಟ್ಟದ್ದಕ್ಕೆ ಪುರಾವೆ ಇಲ್ಲದಿದ್ದರೆ ಕೋರ್ಟು ಹಾಗೆಂದೇ ಭಾವಿಸುತ್ತದೆ. ಅಷ್ಟಲ್ಲದೆ ಅಜ್ಜನಿಗೇ ಸರ್ಕಾರ ಕೊಟ್ಟ ಹೊಲ ಮಿತಾಕ್ಷರದ ಲೆಕ್ಕದಲ್ಲೂ ಪಿತ್ರಾರ್ಜಿತವಲ್ಲ. ಕಾಕಾ ಅವರ ಹುಟ್ಟಿನ ಪಾಲಿನ ಮಾತಿಗೆ ಬಲ ಕಡಿಮೆ.

ಆದರೆ ಅವರ ಕೈಯಲ್ಲಿ ಇನ್ನೊಂದು ವಾದವಿದೆ. ಹೊಲ ಕೊಟ್ಟದ್ದು ಅಜ್ಜನೊಬ್ಬನಿಗೋ, ಕುಟುಂಬದ ಯಜಮಾನ ಎಂದು ಇಡೀ ಕುಟುಂಬಕ್ಕೋ? ಪರಭಾರೆ ಮಾಡಬಾರದೆಂಬ ಷರತ್ತಿತ್ತೇ? ಇದಕ್ಕೆ ಉತ್ತರ ಉಯಿಲಿನಲ್ಲಿ ಸಿಗದು. ಮಂಜೂರಾತಿ ಆದೇಶದ ದೃಢೀಕೃತ ನಕಲು ಪಡೆದು ಷರತ್ತುಗಳನ್ನು ಒಂದೊಂದಾಗಿ ಓದಿ. ಪಹಣಿಯ 9, 10 ಮತ್ತು 11ನೇ ಕಾಲಂಗಳನ್ನೂ ನೋಡಿ: ಹೊಲ ಯಾರ ಹೆಸರಿಗಿದೆ, ಅದು ಅವರಿಗೆ ಬಂದ ಬಗೆ ಯಾವುದು, ಅದರ ಮೇಲೆ ಯಾವ ಋಣ ಅಥವಾ ನಿರ್ಬಂಧವಿದೆ ಎಂಬುದು ಅಲ್ಲಿರುತ್ತದೆ. ಸತ್ತವರು ತಮ್ಮ ಕೈಯಲ್ಲಿದ್ದಷ್ಟನ್ನೇ ಬಿಟ್ಟುಹೋಗಬಲ್ಲರು. ಆ ಅಳತೆ ಸಿಗುವುದು ಸರ್ಕಾರಿ ದಾಖಲೆಯಲ್ಲಿ.

ಕಾಕಾ ತಕರಾರು ಹಾಕಿದರೆ ಉಯಿಲು ನಿಜವೋ ಸುಳ್ಳೋ ಎಂದು ತಹಶೀಲ್ದಾರರು ತೀರ್ಮಾನಿಸುವಂತಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಪಹಣಿಯಲ್ಲಿ ಹೆಸರು ಕೂತ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ.

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಇಂಗ್ಲೆಂಡಿನ ‘ಕಾಪಿಹೋಲ್ಡ್’ ಗೇಣಿದಾರರ ಉಯಿಲುಗಳಲ್ಲಿ ಪಾತ್ರೆ, ಹಾಸಿಗೆ, ಕುರಿಗಳ ಲೆಕ್ಕವಿದೆ; ಹೊಲದ ಸುದ್ದಿಯೇ ಇಲ್ಲ. ಅವರಿಗೆ ಭೂಮಿ ಇರಲಿಲ್ಲವೇ?
*ವಿದ್ಯಾರ್ಥಿನಿ, ಮಸ್ಕಿ*

ಉತ್ತರ: ಇತ್ತು. ಆದರೆ ಅದು ಕೈ ಬದಲಾಯಿಸುತ್ತಿದ್ದ ದಾರಿ ಬೇರೆ. ಅಲ್ಲಿ ಮ್ಯಾನರ್ ಎಂಬ ಜಮೀನ್ದಾರಿಗೆ ತನ್ನದೇ ಒಂದು ಕೋರ್ಟು ಇರುತ್ತಿತ್ತು. ಯಾರು ಯಾವ ಹೊಲ ಹಿಡಿದಿದ್ದಾರೆ ಎಂಬುದನ್ನು ಒಡೆಯನ ಕಾರಭಾರಿ ಕೋರ್ಟಿನ ಸುರುಳಿಯಲ್ಲಿ ಬರೆಸುತ್ತಿದ್ದ. ಆ ಬರಹದ ನಕಲೇ ಗೇಣಿದಾರನ ಹಕ್ಕುಪತ್ರ. ಗೇಣಿದಾರ ಸತ್ತರೆ ಊರಿನ ಇತರ ಗೇಣಿದಾರರು ಕೋರ್ಟಿನಲ್ಲಿ ಆ ಸುದ್ದಿ ತಿಳಿಸಬೇಕು. ವಾರಸುದಾರ ಬರಲಿ ಎಂದು ಮೂರು ಸಲ ಕೂಗಿಸುವ ರೂಢಿಯಿತ್ತು. ಬಂದವನು ಕಾಣಿಕೆಯ ಹಣ ಕಟ್ಟಿ ಹೆಸರು ಬರೆಸಿಕೊಳ್ಳುತ್ತಿದ್ದ. ಅನೇಕ ಕಡೆ ಸತ್ತವನ ಕೊಟ್ಟಿಗೆಯ ಒಳ್ಳೆಯ ದನವೊಂದು ಒಡೆಯನ ಪಾಲಾಗುತ್ತಿತ್ತು. ವಾರಸಿನ ನಿಯಮವೂ ಮ್ಯಾನರಿನಿಂದ ಮ್ಯಾನರಿಗೆ ಬೇರೆ. ಕೆಲವೆಡೆ ಹೊಲ ಹಿರಿಯ ಮಗನಿಗೆ, ಕೆಲವೆಡೆ ಕಿರಿಯನಿಗೆ. ವಿಧವೆಗೆ ಅಲ್ಲಲ್ಲಿನ ರೂಢಿಯಂತೆ ಅನುಭೋಗದ ಪಾಲು.

ಆ ಹೊಲವನ್ನು ತನಗೆ ಬೇಕಾದವರಿಗೆ ಉಯಿಲಿನಲ್ಲಿ ಬಿಡಬೇಕೆಂದರೆ ಗೇಣಿದಾರ ಬದುಕಿದ್ದಾಗಲೇ ಅದನ್ನು ಒಡೆಯನಿಗೆ ಒಪ್ಪಿಸಿ, “ನನ್ನ ಉಯಿಲಿನಲ್ಲಿ ಹೇಳಿದಂತೆ ಆಗಲಿ” ಎಂದು ಸುರುಳಿಯಲ್ಲಿ ಬರೆಸಬೇಕಿತ್ತು. ಈ ಒಪ್ಪಿಸುವಿಕೆಯ ಕಟ್ಟು ಸಡಿಲವಾದದ್ದು 1815ರ ಕಾಯ್ದೆಯಿಂದ. 1837ರ ಉಯಿಲು ಕಾಯ್ದೆ ದಾರಿಯನ್ನು ಇನ್ನಷ್ಟು ಸರಳ ಮಾಡಿತು. ಹಾಗಾಗಿ ಅದಕ್ಕೂ ಹಿಂದಿನ ಉಯಿಲೊಂದರಲ್ಲಿ ಹಿರಿಯ ಮಗನಿಗೆ ಬರೀ ಒಂದು ಕಂಚಿನ ಗಡಿಗೆ ಬಿಟ್ಟಿದ್ದರೆ, ತಂದೆಗೆ ಅವನ ಮೇಲೆ ಮುನಿಸಿತ್ತು ಎಂದು ಬರೆದುಬಿಡಬೇಡಿ. ಮನೆ-ಹೊಲ ಕೋರ್ಟಿನ ಸುರುಳಿಯ ಮೂಲಕ ಆಗಲೇ ಅವನಿಗೆ ಸಂದಿರಬಹುದು. ಉಯಿಲುಗಳು 1858ರವರೆಗೆ ಚರ್ಚ್ ನ್ಯಾಯಾಲಯಗಳಲ್ಲಿ ದಾಖಲಾಗುತ್ತಿದ್ದವು, ಸುರುಳಿಗಳು ಮ್ಯಾನರಿನ ಬಳಿ ಉಳಿದವು. ಸುರುಳಿಗಳು 1733ರ ತನಕ ಬಹುಪಾಲು ಲ್ಯಾಟಿನ್‌ನಲ್ಲಿವೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೇ ಒಂದು ಕುಟುಂಬದ ಕಥೆ ಕೂಡಿಬರುತ್ತದೆ. ಈ ಹಿಡುವಳಿ ಪದ್ಧತಿ ಕಾನೂನಿನಿಂದ ಅಳಿದದ್ದು 1926ರ ಜನವರಿ 1ರಂದು.

ನಿಮ್ಮ ಪ್ರಬಂಧಕ್ಕೆ ಹೋಲಿಕೆ ಬೇಕಿದ್ದರೆ ದೂರ ಹೋಗಬೇಕಿಲ್ಲ. ಮುಂದಿನ ಪತ್ರ ಓದಿ.

ಪ್ರಶ್ನೆ: ನಮ್ಮ ಮುತ್ಯಾ ಗೇಣಿಗೆ ಹೊಲ ಮಾಡುತ್ತಿದ್ದರು. ನಮೂನೆ 7 ಕೊಟ್ಟು, 1981ರಲ್ಲಿ ಭೂ ನ್ಯಾಯಮಂಡಳಿಯಿಂದ ಹೊಲ ಅವರ ಹೆಸರಿಗಾಯಿತು. 1985ರಲ್ಲಿ ಅದನ್ನು ತಂಗಿಯ ಮಗನಿಗೆ ಉಯಿಲು ಬರೆದು, 1990ರಲ್ಲಿ ತೀರಿಕೊಂಡರು. ಅವರಿಗೆ ಸ್ವಂತ ಮಕ್ಕಳಿದ್ದಾರೆ. ಉಯಿಲು ನೋಂದಣಿ ಆಗಿದೆ. ನಡೆಯುತ್ತದೆಯೇ?
*ರೈತ, ಲಿಂಗಸುಗೂರು ತಾಲೂಕು*

ಉತ್ತರ: ನೀವು ಕೊಟ್ಟ ಇಸವಿಗಳ ಪ್ರಕಾರ ನಡೆಯುವುದು ಕಷ್ಟ. 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಗಳೆಲ್ಲ ಸರ್ಕಾರದ ವಶಕ್ಕೆ ಬಂದವು. 1979ರ ಜೂನ್ 30ರೊಳಗೆ ನಮೂನೆ 7 ಕೊಟ್ಟವರ ಅರ್ಜಿಗಳನ್ನು ಭೂ ನ್ಯಾಯಮಂಡಳಿಗಳು ವಿಚಾರಿಸಿದವು. ಹಾಗೆ ಬಂದ ಹೊಲವನ್ನು ಅಂತಿಮ ಆದೇಶದಿಂದ 15 ವರ್ಷ ಪರಭಾರೆ ಮಾಡಬಾರದು ಎನ್ನುತ್ತದೆ ಭೂಸುಧಾರಣಾ ಕಾಯ್ದೆಯ 61ನೇ ಕಲಂ. ಮನೆಯವರೊಳಗೆ ಪಾಲಾಗಬಹುದು.

ಉಯಿಲು ಪರಭಾರೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜಮಖಂಡಿ ಭೂ ನ್ಯಾಯಮಂಡಳಿಯಿಂದ ಹೊರಟ ಸಂಗಪ್ಪ ಕಲ್ಯಾಣಪ್ಪ ಬಂಗಿ ಪ್ರಕರಣದಲ್ಲಿ, ಗೇಣಿದಾರ ತನ್ನ ಗೇಣಿ ಹಕ್ಕನ್ನು ಹೊರಗಿನವರಿಗೆ ಉಯಿಲು ಬರೆಯುವುದು 21ನೇ ಕಲಮಿಗೆ ವಿರುದ್ಧ ಎಂದು 1998ರಲ್ಲಿ ತೀರ್ಪಾಯಿತು. 2004ರ ಜಯಮ್ಮ ವಿರುದ್ಧ ಮರಿಯಾ ಬಾಯಿ ತೀರ್ಪು ಅದೇ ತರ್ಕವನ್ನು 61ನೇ ಕಲಮಿಗೂ ಹಚ್ಚಿತು. ಉಳುವವನ ಮನೆಗೆಂದು ಕೊಟ್ಟ ಹೊಲ ಬೇರೆಯವರ ಕೈಗೆ ಜಾರಬಾರದು ಎಂಬುದು ಕಾಯ್ದೆಯ ಆಶಯ. ಮಕ್ಕಳಿರುವಾಗ ತಂಗಿಯ ಮಗ ವಾರಸುದಾರನಾಗುವುದಿಲ್ಲ.

ಉಯಿಲಿನ ನೋಂದಣಿಯಿಂದ ಈ ತೊಡಕು ಬಿಡುವುದಿಲ್ಲ. ನ್ಯಾಯಮಂಡಳಿಯ ಆದೇಶದ ನಕಲನ್ನೂ ಮರಣ ಪ್ರಮಾಣಪತ್ರವನ್ನೂ ಹಿಡಿದು ವಕೀಲರನ್ನು ಕಾಣಿ. ಆದೇಶ ಮತ್ತು ಮರಣದ ನಡುವೆ 15 ವರ್ಷ ಕಳೆದಿದ್ದರೆ ಚರ್ಚೆ ಬೇರೆಯೇ ಆಗುತ್ತಿತ್ತು. ಆದ್ದರಿಂದ ಎರಡೂ ತಾರೀಖುಗಳನ್ನು ಮೂಲ ಕಾಗದದಿಂದಲೇ ಖಚಿತ ಮಾಡಿಕೊಳ್ಳಿ, ನೆನಪಿನ ಮೇಲೆ ಹೋಗಬೇಡಿ.

ಪ್ರಶ್ನೆ: ಮನೆಯಲ್ಲಿ ನಿಜಾಮನ ಕಾಲದ ಉರ್ದು ಕಾಗದಗಳಿವೆ. ಒಂದರ ಮೇಲೆ 1340 ಫಸಲಿ ಎಂದಿದೆಯಂತೆ. ಓದುವುದು ಹೇಗೆ? ಉಳಿದ ದಾಖಲೆ ಎಲ್ಲಿ ಹುಡುಕಬೇಕು?
*ನಿವೃತ್ತ ಶಿಕ್ಷಕರು, ಸಿಂಧನೂರು*

ಉತ್ತರ: ಫಸಲಿಗೆ 590 ಕೂಡಿಸಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನ ಹೊತ್ತಿಗೆ ಆಜೂರ್ ತಿಂಗಳಿನಿಂದ ಶುರುವಾಗುತ್ತಿತ್ತು. ಹಾಗಾಗಿ 1340 ಎಂದರೆ 1930ರ ಅಕ್ಟೋಬರಿನಿಂದ 1931ರ ಅಕ್ಟೋಬರಿನವರೆಗೆ.

ಉರ್ದು ಬಲ್ಲವರಿಂದ ಓದಿಸುವಾಗ ಅಜ್ಜನ ಹೆಸರು ಸಿಕ್ಕಿತೆಂದು ನಿಲ್ಲಬೇಡಿ. ಹೆಸರಿನ ಪಕ್ಕದಲ್ಲಿ ಏನಿದೆ ಎಂದು ಕೇಳಿ. ಪಟ್ಟೇದಾರ ಎಂದರೆ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಹಿಡುವಳಿದಾರ. ಶಿಕ್ಮಿದಾರನಿಗೆ ಪಟ್ಟೇದಾರನ ಜೊತೆಗೆ ಹೊಲದಲ್ಲಿ ಹಕ್ಕಿರುತ್ತಿತ್ತು. ಅಸಾಮಿ ಶಿಕ್ಮಿ ಅವರ ಕೈಕೆಳಗಿನ ಗೇಣಿದಾರ. ಅದೇ ಹೊಲಕ್ಕೆ 1954-55ರ ಖಾಸ್ರಾ ಪಹಣಿಯ ನಕಲನ್ನೂ ಕೇಳಿ. ಹೈದರಾಬಾದ್ ರಾಜ್ಯದ ಕೊನೆಗಾಲದ ಈ ದಾಖಲೆಯಿಂದ 1956ರ ನಂತರದ ಪಹಣಿಗಳವರೆಗೆ ಸರ್ವೆ ನಂಬರ್ ಹಿಡಿದು ಬರಬಹುದು.

ಹುಡುಕುವಾಗ ಗಡಿಗಳು ಬದಲಾದದ್ದು ನೆನಪಿರಲಿ. ಲಿಂಗಸುಗೂರು 1905ರ ತನಕ ತಾನೇ ಒಂದು ಜಿಲ್ಲೆಯಾಗಿತ್ತು. ಮಸ್ಕಿ ತಾಲೂಕಾದದ್ದು ಇತ್ತೀಚೆಗೆ. ಅದರ ಹಳ್ಳಿಗಳ ಹಳೆಯ ಕಡತ ಮೊದಲಿನ ತಾಲೂಕಿನ ರೆಕಾರ್ಡ್ ರೂಮಿನಲ್ಲಿ ಇರಬಹುದು. ಊರಿನ ಹೆಸರಿನ ಜೊತೆಗೆ ಅಂದಿನ ತಾಲೂಕು ಯಾವುದೆಂದೂ ಅರ್ಜಿಯಲ್ಲಿ ಬರೆಯಿರಿ.

ಹಿರಿಯರು ಉಯಿಲು ನೋಂದಾಯಿಸಿದ್ದರೆಂಬ ಮಾತು ಮನೆಯಲ್ಲಿದ್ದರೆ ಉಪನೋಂದಣಾಧಿಕಾರಿ ಕಚೇರಿಯ 3ನೇ ಪುಸ್ತಕದಲ್ಲಿ ಹುಡುಕಿಸಿ. ಬರೆದವರು ಬದುಕಿರುವ ತನಕ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ತೀರಿಕೊಂಡ ಮೇಲೆ ಯಾರೇ ಅರ್ಜಿ ಹಾಕಿ ಶುಲ್ಕ ಕಟ್ಟಿದರೂ ಕೊಡುತ್ತಾರೆ.