ಕೃಷಿಹೊಂಡದಲ್ಲಿ ಮೀನು: ನಂದಗಡದ ರೈತರಿಗೆ ಆರು ಹಂತ

ನಂದಗಡದ ಸುತ್ತ ಮುಂಗಾರಿಗೆ ಬರವಿಲ್ಲ. ಭತ್ತದ ತೌಡು, ಕೊಟ್ಟಿಗೆಯ ಸಗಣಿ ಊರಲ್ಲೇ ಸಿಗುತ್ತವೆ. ಹೊಂಡದಲ್ಲಿ ಮಾರ್ಚ್‌ವರೆಗೆ ನಾಲ್ಕಡಿ ನೀರು ನಿಲ್ಲುವಂತಿದ್ದರೆ, ಮನೆಮಂದಿ ಉಂಡು ಮಿಕ್ಕಿದ್ದನ್ನು ಮಾರುವಷ್ಟು ಮೀನು ಬೆಳೆಯಬಹುದು. ಒಂದೇ ಸೂತ್ರ: ಮೊದಲು ನೀರು ಹದವಾಗಲಿ, ಆಮೇಲೆ ಮರಿ ಬರಲಿ. ಮುಂದಿನ ಲೆಕ್ಕವೆಲ್ಲ 10 ಗುಂಟೆಯ ಹೊಂಡಕ್ಕೆ.

1. ಹೊಂಡ (ಮೇ): ಐದಾರು ಅಡಿ ಆಳವಿರಲಿ. ಕೆಂಪು ಮಣ್ಣಿನಲ್ಲಿ ನೀರು ಇಂಗುತ್ತದೆ. ತಳಕ್ಕೆ ಜೇಡಿಮಣ್ಣು ಹಾಕಿ ಗಟ್ಟಿಸಿ. ನೀರು ಬರುವ, ಹೋಗುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಔಷಧಿ ಹೊಡೆದ ಕಬ್ಬಿನ ಗದ್ದೆಯ ನೀರು ಒಳಗೆ ಹರಿಯದಂತೆ ಬದು ಎತ್ತರಿಸಿ.

2. ಸುಣ್ಣ, ಸಗಣಿ: ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಅಂಶಕ್ಕೆ ತಕ್ಕಂತೆ 20ರಿಂದ 50 ಕೆ.ಜಿ. ಸುಣ್ಣ ಚೆಲ್ಲಿ. ವಾರ ಬಿಟ್ಟು 200 ಕೆ.ಜಿ. ಸಗಣಿ ಹಾಕಿ ನೀರು ತುಂಬಿಸಿ. ಹದಿನೈದು ದಿನಕ್ಕೆ ನೀರು ತಿಳಿ ಹಸಿರಾಗುತ್ತದೆ. ಆ ಹಸಿರೇ ಮರಿಗಳ ಮೊದಲ ಊಟ.

3. ಮೊಣಕೈ ಪರೀಕ್ಷೆ: ಕೈಯನ್ನು ನೀರಿನಲ್ಲಿ ನೇರವಾಗಿ ಇಳಿಸಿ. ನೀರು ಮೊಣಕೈ ಮುಟ್ಟಿದಾಗ ಅಂಗೈ ಮರೆಯಾದರೆ ನೀರು ಹದವಾಗಿದೆ. ಆಗಲೂ ಅಂಗೈ ನಿಚ್ಚಳವಾಗಿ ಕಂಡರೆ ಇನ್ನಷ್ಟು ಸಗಣಿ ಬೇಕು. ಅದಕ್ಕೂ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ. ವಾರಕ್ಕೊಮ್ಮೆ ಹೀಗೆ ನೋಡುತ್ತಿರಿ.

4. ಮರಿ (ಜುಲೈ–ಆಗಸ್ಟ್): ಕಾಟ್ಲಾ 200, ರೋಹು 150, ಮೃಗಾಲ್ 150 ಸಾಕು. ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಮೂರ್ನಾಲ್ಕು ಇಂಚಿನ ಮರಿಗಳನ್ನೇ ತನ್ನಿ. ಚೀಲವನ್ನು ಕಾಲು ಗಂಟೆ ನೀರಲ್ಲಿ ತೇಲಿಬಿಟ್ಟು, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ತಂಪು ಹೊತ್ತಿನಲ್ಲಿ ಬಿಡಿ. ಆಫ್ರಿಕನ್ ಕ್ಯಾಟ್‌ಫಿಶ್ ತರಲೇಬೇಡಿ. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಕೋಡಿ ಹರಿದು ಹಳ್ಳ ಸೇರಿದರೆ ಮಲಪ್ರಭೆಯ ನಾಡಮೀನುಗಳಿಗೆ ಕುತ್ತು.

5. ಮೇವು, ನಿಗಾ: ಶೇಂಗಾ ಹಿಂಡಿ, ಅಕ್ಕಿ ತೌಡು ಸಮಪಾಲು ನೆನೆಸಿ ಉಂಡೆ ಕಟ್ಟಿ, ತಟ್ಟೆಯಲ್ಲಿಟ್ಟು ಇಳಿಬಿಡಿ. ಮೀನಿನ ಒಟ್ಟು ತೂಕದ ಶೇ 2–3ರಷ್ಟು ದಿನದ ಮೇವು. ಮೀನು 100 ಗ್ರಾಂ ತೂಗುವಾಗ ಒಂದರಿಂದ ಒಂದೂವರೆ ಕೆ.ಜಿ. ತಟ್ಟೆಯಲ್ಲಿ ಉಳಿದರೆ ಮರುದಿನ ಕಡಿಮೆ ಮಾಡಿ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿದೆ ಎಂದರ್ಥ. ಕೂಡಲೇ ಪಂಪ್ ಹಚ್ಚಿ ಹೊಸ ನೀರು ಚಿಮ್ಮಿಸಿ, ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ.

6. ಹಿಡಿಯುವುದು (ಮಾರ್ಚ್–ಏಪ್ರಿಲ್): ಮುಕ್ಕಾಲು ಕೆ.ಜಿ. ದಾಟಿದವನ್ನು ಮೊದಲು ಹಿಡಿಯಿರಿ, ಉಳಿದವು ದಪ್ಪವಾಗುತ್ತವೆ. ಹೊಂಡದ ನೀರು, ತಳದ ಕೆಸರು ಎರಡೂ ತೋಟಕ್ಕೆ ಒಳ್ಳೆಯ ಗೊಬ್ಬರ.

ಹೊಸ ಹೊಂಡ ತೋಡುವವರು ಗುದ್ದಲಿ ಹಾಕುವ ಮೊದಲೇ ಮೀನುಗಾರಿಕೆ ಇಲಾಖೆಯಲ್ಲಿ ಸಹಾಯಧನ ವಿಚಾರಿಸಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಹಾಗೂ ಪರಿಶಿಷ್ಟರಿಗೆ ಶೇ 60ರ ನೆರವು ನಿಗದಿಯಾಗಿದೆ. ಮೊದಲ ವರ್ಷ 500ಕ್ಕಿಂತ ಹೆಚ್ಚು ಮರಿ ಬಿಡುವ ಆಸೆ ಬೇಡ. ನೀರಿನ ಹದ ಕೈಗೆ ಹತ್ತಿದ ಮೇಲೆ ಹೆಚ್ಚಿಸಬಹುದು.