ತಡವಾಗಿ ಹೋದರೆ ಸಿಗದ ಪೇಡ: ನಮ್ಮ ಕ್ಯಾನಿನ ಹಾಲಿಗೊಂದು ಪಾಠ



ಧಾರವಾಡದ ಲೈನ್ ಬಜಾರಿನಲ್ಲಿರುವ ಬಾಬುಸಿಂಗ್ ಠಾಕೂರ್ ಪೇಡದ ಅಂಗಡಿಯ ಮುಂದೆ ನಿಮ್ಮಲ್ಲಿ ಕೆಲವರಾದರೂ ಸರತಿಯಲ್ಲಿ ನಿಂತಿರಬಹುದು. ಆ ಹೊತ್ತಿನ ಪೇಡ ಮುಗಿದರೆ ಮುಗಿಯಿತು, ತಡವಾಗಿ ಹೋದವರು ಬರಿಗೈಯಲ್ಲಿ ತಿರುಗಬೇಕು. ಈಚೆಗೆ ನಾನೂ ಹಾಗೆ ನಿಂತು ಒಂದು ಕಿಲೋ ಪೇಡ ತಂದೆ. ಬೋನಾಳದಲ್ಲಿ ಜಾನುವಾರು ತಪಾಸಣೆಗೆ ಸೇರಿದ್ದ ರೈತರಿಗೆ ಹಂಚಿದೆ. ತಿನ್ನುತ್ತ ಹಿರಿಯರೊಬ್ಬರು ಕೇಳಿದರು: "ಇಷ್ಟ್ ಮಂದಿ ಪಾಳಿ ಹಚ್ತಾರಂದ್ರ ಅವ್ರು ಇನ್ನಷ್ಟು ಯಾಕ ಮಾಡಂಗಿಲ್ರೀ ಡಾಕ್ಟ್ರ?"

ಅಂಗಡಿಯ ಲೆಕ್ಕ ಅಂಗಡಿಯವರಿಗೆ ಗೊತ್ತು. ಹಾಲಿನ ಲೆಕ್ಕವನ್ನಂತೂ ನಾನು ಹೇಳಬಲ್ಲೆ. ಈ ತಿಂಗಳ ಪಾಠ ಅದೇ.

ಪೇಡದ ಮೂಲ ಹಾಲು

ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ ಧಾರವಾಡಕ್ಕೆ ಬಂದ ಠಾಕೂರ್ ಮನೆತನ ಈ ಪೇಡವನ್ನು ಆರಂಭಿಸಿತು. ಧಾರವಾಡ ಪೇಡಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆ ಭಾಗದ ಗೌಳಿಗರು ಸಾಕುವ ಧಾರವಾಡಿ ಎಮ್ಮೆಯ ಹಾಲಿಗೂ ಈ ಹೆಸರಿನಲ್ಲಿ ಪಾಲಿದೆ. ಹಾಲು ಕಾಯಿಸಿ ಖೋವಾ ಮಾಡಿ, ಸಕ್ಕರೆ ಹಾಕಿ, ಕಂದು ಬಣ್ಣ ಬರುವವರೆಗೆ ಹುರಿದು ಉಂಡೆ ಕಟ್ಟುತ್ತಾರೆ. ಕೆಟ್ಟ ಹಾಲನ್ನು ಮುಚ್ಚಿಡಲು ಇದರಲ್ಲಿ ಜಾಗವೇ ಇಲ್ಲ.

ಲೆಕ್ಕ ನೋಡಿ. 3.5 ಫ್ಯಾಟ್, 8.5 ಎಸ್.ಎನ್.ಎಫ್ ಇರುವ ಆಕಳ ಹಾಲಿನಲ್ಲಿ ಒಟ್ಟು ಘನಾಂಶ ಶೇ. 12. ಅಂದರೆ 10 ಕಿಲೋ ಹಾಲಿನಲ್ಲಿ 1.2 ಕಿಲೋ ಗಟ್ಟಿ ಪದಾರ್ಥ, ಉಳಿದದ್ದು ನೀರು. ಖೋವಾದಲ್ಲಿ ಶೇ. 30ರಷ್ಟು ತೇವ ಉಳಿಸಿದರೆ ಸುಮಾರು 1.7 ಕಿಲೋ ಖೋವಾ ಆಗುತ್ತದೆ. 6.5 ಫ್ಯಾಟ್, 9 ಎಸ್.ಎನ್.ಎಫ್ ಇರುವ ಎಮ್ಮೆ ಹಾಲಾದರೆ ಸುಮಾರು 2.2 ಕಿಲೋ. ಅದೇ ಆಕಳ ಹಾಲು 9 ಕಿಲೋ ತೆಗೆದುಕೊಂಡು 1 ಕಿಲೋ ನೀರು ಬೆರೆಸಿದರೆ ಗಟ್ಟಿ ಪದಾರ್ಥ 1.08 ಕಿಲೋಗೆ ಇಳಿಯುತ್ತದೆ. ಬೆರೆಸಿದ ನೀರನ್ನು ಕಟ್ಟಿಗೆ ಸುಟ್ಟು ಮತ್ತೆ ಆವಿ ಮಾಡಬೇಕು. ಒಳ್ಳೆಯ ಹಾಲು ಎಷ್ಟಿದೆಯೋ ಅಷ್ಟೇ ಪೇಡ. ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ನೀರು ಹಾಕದೆಯೂ ಹಾಲು ತೆಳುವಾಗುತ್ತದೆ

ಆ ದಿನ ನಾನು ಇನ್ನೊಂದು ಸಂಗತಿಯನ್ನೂ ಹೇಳಿದೆ. ಸುರಪುರ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ಎರಡು ಮಿಶ್ರತಳಿ ಆಕಳು ಕಟ್ಟಿ ಮಕ್ಕಳನ್ನು ಓದಿಸುತ್ತಿದ್ದಾರೆ. ಅವರ ಹಾಲಿನ ಎಸ್.ಎನ್.ಎಫ್ ವಾರದಿಂದ ವಾರಕ್ಕೆ ಇಳಿದು 7.9ಕ್ಕೆ ಬಂತು. ಹಾಲು ವಾಪಸ್ಸಾಯಿತು. "ನೀರು ಹಾಕ್ತಾಳ" ಎಂಬ ಮಾತು ಊರೆಲ್ಲ ಹಬ್ಬಿತು. ಆಕೆ ಹಾಲು ಹಾಕಲು ಬರುವುದನ್ನೇ ಬಿಟ್ಟರು. ನಾನು ಮನೆಗೆ ಹೋದಾಗ ಹೇಳಿದ್ದು ಒಂದೇ ಮಾತು: "ಹಾಲಿಗಿ ಒಂದ್ ಹನಿ ನೀರ್ ಹಾಕಿಲ್ರೀ ಸಾಹೇಬ್ರ, ನನ್ನ ಮಕ್ಕಳ ಆಣಿ."

ನಿಜ ಹೇಳುತ್ತೇನೆ, ಅಲ್ಲಿಗೆ ಹೋಗುವವರೆಗೆ ನಾನೂ ನೀರೇ ಎಂದುಕೊಂಡಿದ್ದೆ. ಕಣ್ಣೆದುರಿಗೇ ಎರಡೂ ಆಕಳನ್ನು ಪೂರ್ತಿ ಹಿಂಡಿಸಿ ಪರೀಕ್ಷಿಸಿದೆ. ಆಗಲೂ ಎಸ್.ಎನ್.ಎಫ್ ಕಡಿಮೆಯೇ ಬಂತು. ಕಾರಣ ಎರಡಿದ್ದವು. ಮೊದಲನೆಯದು, ಒಂದು ಆಕಳ ಎರಡು ಮೊಲೆಗಳಲ್ಲಿ ಕಾಣದ ಕೆಚ್ಚಲು ಬಾವು. ಬಾವಿಲ್ಲ, ನೋವಿಲ್ಲ, ಹಾಲಿನಲ್ಲಿ ಗರಣೆಯೂ ಇಲ್ಲ. ಆದರೆ ಒಳಗೆ ಸೋಂಕಿದ್ದರೆ ಹಾಲಿನ ಸಕ್ಕರೆ ಅಂಶ ಇಳಿದು, ಉಪ್ಪಿನ ಅಂಶ ಏರುತ್ತದೆ. ಎರಡನೆಯದು ಮೇವು. ಕಾಲುವೆ ನೀರು ಬಂದ ಮೇಲೆ ನಮ್ಮಲ್ಲಿ ಜೋಳದ ಕಣಕಿಯ ಜಾಗಕ್ಕೆ ಭತ್ತದ ಹುಲ್ಲು ಬಂದಿದೆ. ಬರೀ ಹುಲ್ಲು, ದಿನಕ್ಕೆ ಎರಡು ಕಿಲೋ ಪಶು ಆಹಾರ ತಿಂದು 8 ಲೀಟರ್ ಕೊಡುವ ಆಕಳಿಗೆ ಶಕ್ತಿ ಸಾಲುವುದಿಲ್ಲ.

ಚಿಕಿತ್ಸೆ ಕೊಟ್ಟು, ಮೇವು ಸರಿಪಡಿಸಿದ ಮೇಲೆ ಎಸ್.ಎನ್.ಎಫ್ ಮೆಲ್ಲಗೆ 8.4ಕ್ಕೆ ಏರಿತು. ಒಂದು ಮೊಲೆಯ ಹಾಲು ಮಾತ್ರ ಮೊದಲಿನಷ್ಟಾಗಲಿಲ್ಲ. ಒಂದು ತಿಂಗಳು ಮೊದಲೇ ಪರೀಕ್ಷಿಸಿದ್ದರೆ ಬಹುಶಃ ಅದೂ ಉಳಿಯುತ್ತಿತ್ತು. ಆ ತಾಯಿ ಈಗ ಮತ್ತೆ ಹಾಲು ಹಾಕುತ್ತಿದ್ದಾರೆ. ಊರಿನ ಮಾತನ್ನು ಹಿಂದಕ್ಕೆ ಪಡೆಯಲು ನನ್ನಲ್ಲಿ ಔಷಧವಿಲ್ಲ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲೇ ಮಾಡುವ ಪರೀಕ್ಷೆ

ಅರ್ಧ ಲೀಟರ್ ನೀರಿಗೆ ಆರು ಚಹಾ ಚಮಚ ಬಟ್ಟೆ ಒಗೆಯುವ ಪುಡಿ ಹಾಕಿ ಕರಗಿಸಿ. ನಾಲ್ಕು ಸಣ್ಣ ಬಟ್ಟಲುಗಳಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆ ಹಿಂಡಿ. ಹಾಲಿನಷ್ಟೇ ಸೋಪಿನ ನೀರು ಸೇರಿಸಿ ಒಂದು ನಿಮಿಷ ಮೆಲ್ಲಗೆ ತಿರುಗಿಸಿ. ನೀರಿನಂತೆಯೇ ಇದ್ದರೆ ಚಿಂತೆಯಿಲ್ಲ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಸೋಂಕಿರುವ ಸಂಭವ ಹೆಚ್ಚು, ಪಶುವೈದ್ಯರಿಗೆ ತೋರಿಸಿ. ಪರೀಕ್ಷಿಸಿದ ಹಾಲನ್ನು ದೂರ ಚೆಲ್ಲಿ, ಬಟ್ಟಲುಗಳನ್ನು ಬೇರೆ ಇಡಿ. ಅವು ಎಂದೂ ಹಾಲಿನ ಪಾತ್ರೆಯ ಹತ್ತಿರ ಬರಬಾರದು. ತಿಂಗಳಿಗೊಮ್ಮೆ ಇದನ್ನು ಮಾಡಿ.

ನೆನಪಿಡಬೇಕಾದ ಐದು ಮಾತು

1. ಹಿಂಡುವ ಮುನ್ನ ಕೆಚ್ಚಲು ತೊಳೆದು ಒಣ ಬಟ್ಟೆಯಿಂದ ಒರೆಸಿ. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಹಿಂಡಿ ನೋಡಿ. ನೆಲಕ್ಕೆ ಹಿಂಡಬೇಡಿ.

2. ಹಿಂಡಿದ ಮೇಲೆ ಮೊಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ತಕ್ಷಣ ಮೇವು ಹಾಕಿ, ಅರ್ಧ ಗಂಟೆ ರಾಸು ಮಲಗದಿರಲಿ. ತೊಟ್ಟಿನ ರಂಧ್ರ ಆಗ ತೆರೆದೇ ಇರುತ್ತದೆ.

3. ಆಕಳಿಗೆ ದೇಹ ಪೋಷಣೆಗೆ 1.5 ಕಿಲೋ, ಅದರ ಮೇಲೆ ಪ್ರತಿ 2.5 ಲೀಟರ್ ಹಾಲಿಗೆ 1 ಕಿಲೋ ಪಶು ಆಹಾರ ಕೊಡಿ. 8 ಲೀಟರ್ ಕೊಡುವ ಆಕಳಿಗೆ ಸುಮಾರು 4.7 ಕಿಲೋ ಬೇಕು. ದಿನಕ್ಕೆ 50 ಗ್ರಾಂ ಲವಣ ಮಿಶ್ರಣ, ಜೊತೆಗೆ ಹಸಿ ಮೇವು, ತೊಗರಿ ಹೊಟ್ಟು ಇರಲಿ.

4. ಹಿಂಡಿದ ಹಾಲನ್ನು ಬೇಗ ತಲುಪಿಸಿ. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಎರಡು ಗಂಟೆಯಲ್ಲಿ 16 ಪಟ್ಟು ಆಗುತ್ತವೆ. ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಹುಳಿ ತಿರುಗಿದ ಹಾಲು ಕುದಿಸಿದರೆ ಒಡೆಯುತ್ತದೆ. ಅದನ್ನು ಮುಚ್ಚಲು ಸೋಡಾ ಹಾಕುವುದು ಅಪರಾಧ, ಪರೀಕ್ಷೆಯಲ್ಲಿ ಅದು ಸಿಕ್ಕೇ ಬೀಳುತ್ತದೆ.

5. ಆ್ಯಂಟಿಬಯೋಟಿಕ್ ಕೊಟ್ಟ ರಾಸಿನ ಹಾಲನ್ನು, ವೈದ್ಯರು ಹೇಳಿದಷ್ಟು ದಿನ, ನಾಲ್ಕೂ ಮೊಲೆಯದ್ದನ್ನು, ಸಂಘಕ್ಕೆ ಹಾಕಬೇಡಿ. ಒಬ್ಬರ ಕ್ಯಾನು ಇಡೀ ಶೀತಲೀಕರಣ ಘಟಕದ ಹಾಲನ್ನು ಕೆಡಿಸಬಲ್ಲದು.

ಸಂಘದ ಕಾರ್ಯದರ್ಶಿಗಳಿಗೂ, ಹಾಲು ಪರೀಕ್ಷಕರಿಗೂ ಒಂದು ವಿನಂತಿ. ಡಿಗ್ರಿ ಇಳಿದ ಕೂಡಲೇ ನೀರು ಎನ್ನಬೇಡಿ. ಮೊದಲು ಮನೆಯಲ್ಲಿ, ಎದುರಿಗೆ ಹಿಂಡಿಸಿ ಮಾದರಿ ತೆಗೆಯಿರಿ. ನೀರು ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಾಕಿಲ್ಲದಿದ್ದರೆ ಒಂದು ರಾಸೂ ಉಳಿಯುತ್ತದೆ, ಒಬ್ಬರ ಮಾನವೂ ಉಳಿಯುತ್ತದೆ.

ಬೋನಾಳದಲ್ಲಿ ಆ ದಿನ ಪೇಡದ ಡಬ್ಬಿ ಖಾಲಿಯಾದಾಗ ಹಿಂದೆ ನಿಂತಿದ್ದ ಇಬ್ಬರಿಗೆ ಸಿಗಲೇ ಇಲ್ಲ. ಮುಂದಿನ ಸಲ ತರುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಷ್ಟರಲ್ಲಿ ನೀವು ಸೋಪಿನ ಪುಡಿಯ ಪರೀಕ್ಷೆ ಮಾಡಿ ನೋಡಿರಿ. ಎಷ್ಟು ಮೊಲೆಗಳಲ್ಲಿ ಲೋಳೆ ಬಂತೆಂದು ಬರೆದಿಡಿ. ಬಂದಾಗ ಆ ಚೀಟಿಯನ್ನೇ ಮೊದಲು ಕೇಳುತ್ತೇನೆ.